ದೃಷ್ಟಿ ತೆಗೆಯಲು ಹೋದವಳು

ಆ ಸಿನಿಮಾದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೋಗಲಿ ಬಿಡಿ, ಸಿನಿಮಾ ಅಲ್ಲವೇ ಅನ್ನುವವರ ಮೇಲೆ ಇನ್ನೂ ಜಾಸ್ತಿ.

ಕೋವಿಡ್ ಗಲಾಟೆ ತಣ್ಣಗಾದ ಮೇಲೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಸೆರಿಟೋಸ್‌ನ ಗೆಳತಿಯೊಬ್ಬಳು ಮೆಸೇಜ್ ಹಾಕಿದಳು. ಜಪಾನಿನ ನಿರ್ದೇಶಕನೊಬ್ಬ ಲಾಸ್ ಏಂಜಲೀಸ್‌ನಲ್ಲಿ ದೆವ್ವದ ಸಿನಿಮಾ ಮಾಡುತ್ತಿದ್ದಾನೆ, ಸೀರೆ ಉಡಬಲ್ಲ, ಐವತ್ತರ ಆಸುಪಾಸಿನ ಇಂಡಿಯನ್ ಹೆಂಗಸು ಬೇಕಂತೆ. ನನಗೆ ಅಂಥ ಹುಚ್ಚೇನೂ ಇರಲಿಲ್ಲ. ಮಗಳಿಗಾಗಿ ಹೋದೆ. ಇಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವುದು ಇಂಗ್ಲಿಷೇ. ಆ ಪಾತ್ರ ತನ್ನ ಮನೆಮಾತಿನಲ್ಲೇ ಮಾತಾಡುತ್ತದೆ ಅಂತ ಗೊತ್ತಾದಾಗ ಅವಳೇ ಹಟ ಹಿಡಿದಳು. ದೊಡ್ಡ ಪರದೆಯ ಮೇಲೆ ಒಮ್ಮೆ ನಮ್ಮ ಮಾತು ಕೇಳಬೇಕು, ಗೆಳತಿಯರಿಗೂ ಕೇಳಿಸಬೇಕು ಅನ್ನುವುದು ಅವಳ ಆಸೆ.

ಕಾರ್ಲ್ಸ್‌ಬಾಡ್‌ನಿಂದ ವುಡ್‌ಲ್ಯಾಂಡ್ ಹಿಲ್ಸ್‌ಗೆ ಮೂರು ತಾಸು ಡ್ರೈವ್ ಮಾಡಿಕೊಂಡು ಹೋದೆ. ಖಾಲಿ ಆಫೀಸ್ ಕಟ್ಟಡವೊಂದನ್ನು ಅಪಾರ್ಟ್‌ಮೆಂಟ್ ಮಾಡಿಟ್ಟಿದ್ದರು. ನಾನು ಪಕ್ಕದ ಮನೆಯವಳು. ದೆವ್ವ ಕಾಡುವ ನಾಯಕಿಗೆ ಬಾಗಿಲಲ್ಲಿ ಆರತಿ ಎತ್ತಿ ದೃಷ್ಟಿ ತೆಗೆಯಬೇಕು. ತಟ್ಟೆಯಲ್ಲಿ ಕೆಂಪು ಪೇಂಟ್ ಕಲಸಿಟ್ಟಿದ್ದರು. ಅದನ್ನು ಚೆಲ್ಲಿಸಿ, ಮನೆಯಿಂದ ಒಯ್ದಿದ್ದ ಅರಿಶಿನ, ಸುಣ್ಣ ನೀರಿಗೆ ಹಾಕಿ ಕೆಂಪು ಬರಿಸಿ ತೋರಿಸಿದೆ. ಈ ನೀರನ್ನು ಯಾರೂ ತುಳಿಯದ ಕಡೆ ಚೆಲ್ಲಬೇಕು, ತುಳಿದವರಿಗೆ ಆ ಕೆಟ್ಟದ್ದು ಅಂಟಿಕೊಳ್ಳುತ್ತದೆ ಅಂತಲೂ ಹೇಳಿದೆ. ಕೇಳಿದ್ದಕ್ಕಿಂತ ಜಾಸ್ತಿ ಹೇಳುವುದು, ಬೇಡವೆಂದರೂ ಬಡಿಸುವುದು ನಮ್ಮ ಮಂದಿಯ ಹಾಳು ಚಾಳಿ. ನಿರ್ದೇಶಕನ ದುಭಾಷಿ ಎಲ್ಲವನ್ನೂ ಬರೆದುಕೊಂಡಳು. ಕ್ಯಾಮೆರಾ ಎದುರು ನಮ್ಮವ್ವ ಹೇಳುತ್ತಿದ್ದ ಹಾಗೇ ಹೇಳಿದೆ: ‘ಬಂದವರ ಕಣ್ಣು, ಹೋದವರ ಕಣ್ಣು ಎಲ್ಲಾ ಹೋಗ್ಲಿ, ನೀ ತಣ್ಣಗ ಇರವ್ವ.’

ಮರುವರ್ಷ ಸ್ಯಾನ್ ಡಿಯೇಗೋದಲ್ಲಿ ಸಿನಿಮಾ ತೋರಿಸಿದರು. ಮಗಳು ಕಾಲೇಜಿನ ಇಬ್ಬರು ಗೆಳತಿಯರನ್ನು ಕರಕೊಂಡು ಬಂದು ನನ್ನ ಪಕ್ಕ ಕೂತಳು. ಪರದೆಯ ಮೇಲೆ ಗೋಡೆಗೆ ಕೂದಲು ಬೆಳೆಯಿತು, ಲಿಫ್ಟಿನ ಬಾಗಿಲು ತೆರೆದರೆ ಒಳಗೆ ಸಮುದ್ರ. ಅದೆಲ್ಲ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಆಮೇಲೆ ನಾನು ಬಂದೆ. ಬಾಯಿ ನನ್ನದೇ. ಬಂದದ್ದು ಮಾತಲ್ಲ, ಗೊರಗೊರ ಸದ್ದು, ಯಾರೋ ಬಾಯಿ ಮುಕ್ಕಳಿಸಿದ ಹಾಗೆ. ನಾಯಕಿ ಆ ಕೆಂಪು ನೀರು ತುಳಿದಳು, ಮುಖ ಕರಗಿ ಇಳಿಯಿತು. ಅವಳಿಗೆ ದೆವ್ವ ಹತ್ತಿಸಿದವಳೇ ನಾನು ಅಂತ ಕಥೆ. ಇನ್ನೊಂದು ಸಲ ಬಂದಾಗಲಾದರೂ ನಾನು ಮಾತಾಡುತ್ತೇನೇನೋ ಅಂತ ಮಗಳು ಕೊನೆಯವರೆಗೂ ಕಾದಳು. ನಾನು ಮತ್ತೆ ಬರಲೇ ಇಲ್ಲ.

ಮುಗಿದ ಮೇಲೆ ವೇದಿಕೆಯಲ್ಲಿ ನಿರ್ದೇಶಕನ ಜೊತೆ ಪ್ರಶ್ನೋತ್ತರ. ನಡೆಸಿಕೊಡುತ್ತಿದ್ದ ಹೆಂಗಸು, ಜಪಾನಿ ಸಿನಿಮಾದಲ್ಲಿ ಇಂಡಿಯನ್ ಹೆಂಗಸಿಗೂ ಜಾಗ ಸಿಕ್ಕಿದೆ, ಇದೇ ವೈವಿಧ್ಯ, ಇದೇ ಪ್ರಾತಿನಿಧ್ಯ ಅಂತ ಹೊಗಳಿದ್ದೇ ಹೊಗಳಿದ್ದು. ಮಗಳು ಕೈ ಎತ್ತಿ, ನಮ್ಮಮ್ಮ ಆಡಿದ ಮಾತನ್ನು ಯಾಕೆ ತೆಗೆದಿರಿ ಅಂತ ಕೇಳಿದಳು. ನಿರ್ದೇಶಕ ನಗುನಗುತ್ತಲೇ ಹೇಳಿದ್ದನ್ನು ದುಭಾಷಿ ಇಂಗ್ಲಿಷಿಗೆ ತಂದಳು. ಯಾರ ಭಾಷೆಯೂ ಅಲ್ಲದ್ದು ಬೇಕಿತ್ತಂತೆ. ಆಗ ಹೆದರಿಕೆ ಹೆಚ್ಚಂತೆ.

ನನಗೆ ಪಿತ್ತ ನೆತ್ತಿಗೇರಿತು. ಎದ್ದು ನಿಂತೆ. ಇಷ್ಟು ವರ್ಷ ಆಫೀಸಿನಲ್ಲಿ ಆಡಿದ ಇಂಗ್ಲಿಷ್ ಆಗ ಬಾಯಿಗೆ ಬರಲಿಲ್ಲ, ಧಾರವಾಡದ ಮಾತೇ ಬಂತು.

‘ನಾಚಿಕಿ ಆಗಂಗಿಲ್ಲೇನು ನಿಮಗ? ಒಳ್ಳೇದಾಗ್ಲಿ ಅಂತ ಹರಸಿದ ಬಾಯಿಗೆ ದೆವ್ವದ ದನಿ ಹಚ್ಚೀರಿ. ಯಾರದೂ ಅಲ್ಲದ್ದಂತ. ಅದು ನಮ್ಮವ್ವನ ಮಾತು. ನನ್ನ ಮಗಳು ಅದನ್ನ ಕೇಳಾಕ ಬಂದಾಳ.’

ಹಾಲಿನ ತುಂಬ ಚಪ್ಪಾಳೆ. ಸಿನಿಮಾದ ಆ ಹೆಂಗಸೇ ಎದ್ದು ತೆಗೆದುಹಾಕಿದ ತನ್ನ ಡೈಲಾಗ್ ಹೇಳಿ ತೋರಿಸಿದಳು ಅಂತ ಜನ ಅಂದುಕೊಂಡಿದ್ದರು. ನಿರ್ದೇಶಕ ಎದ್ದು ನನಗೆ ನಡು ಬಗ್ಗಿಸಿ ನಮಸ್ಕರಿಸಿದ. ಮಗಳ ಗೆಳತಿಯರೂ ಜೋರಾಗಿ ತಟ್ಟುತ್ತಿದ್ದರು. ಕೈ ಕಟ್ಟಿಕೊಂಡು ಅಳುತ್ತ ಕೂತವಳು ನನ್ನ ಮಗಳೊಬ್ಬಳೇ. ಅಷ್ಟು ದೊಡ್ಡ ಹಾಲಿನಲ್ಲಿ ನಾನು ಬೈದದ್ದು ತಿಳಿದದ್ದೂ ಅವಳೊಬ್ಬಳಿಗೇ.