ಫ್ರೀ ಬಂದ ಬಂಗಾರದ ಹಸು

ಕೇಳಿ ಮಾರಾಯ್ರೇ, ಇವತ್ತು ಗೋಪಾಳದ ನಮ್ಮನೇಲಿ ಒಂದು ಹಸುವಿನ ವಿಚಾರಣೆ ನಡೀತು.

ಇಲ್ಲೇ ಈ ಗ್ರೂಪಲ್ಲಿ ಯಾರೋ ಹಾಕಿದ್ದ ಪ್ರೋಮೋ ಕೋಡನ್ನ ನಾನಾಡೋ ಆನ್‌ಲೈನ್ ತೋಟದ ಆಟದಲ್ಲಿ ಹೊಡೆದೆ. ಬಂಗಾರದ ಬಣ್ಣದ ಹಸು ಫ್ರೀ ಬಂತು. ಹಾಲು ಕೊಡಲ್ಲ, ಚಂದಕ್ಕೆ ನಿಂತಿರುತ್ತೆ ಅಷ್ಟೇ. ಖುಷಿಗೆ "ಹಸು ಬಂತು!" ಅಂತ ಕೂಗಿಬಿಟ್ಟೆ.

ಪೌರೋಹಿತ್ಯ ಮಾಡೋ ನಮ್ಮ ಮಾವ ಆಗಷ್ಟೇ ಭದ್ರಾವತಿಯಲ್ಲಿ ಯಾರದೋ ಹನ್ನೊಂದನೇ ದಿನದ ಕರ್ಮ ಮುಗಿಸಿ ಬಂದಿದ್ರು. ಕೈಚೀಲ ಅತ್ತೆಗೆ ಕೊಟ್ಟು ಸೀದಾ ಕಂಪ್ಯೂಟರ್ ಮುಂದೆ ನಿಂತ್ರು.

"ಯಾರು ಕೊಟ್ಟಿದ್ದು?"

"ಯಾರೋ ಕಂಪನಿಯವರು ಮಾವ. ಫ್ರೀ."

"ಗುರುತಿಲ್ಲದವರು ಸುಮ್ನೆ ಹಸು ಕೊಟ್ರೆ ಅದು ಗೋದಾನ ಕಣಮ್ಮ. ಅವರ ಪಾಪ ನಿನ್ನ ತಲೆಗೆ ಬರುತ್ತೆ. ಜಪ ಮಾಡಿ ಕಳ್ಕೋಬೇಕು. ಮಾಡ್ತೀಯಾ?"

"ಇದು ನಿಜವಾದ ಹಸು ಅಲ್ವಲ್ಲ ಮಾವ."

"ಹಸು ಅಂತ ಕೊಟ್ಟ ಮೇಲೆ ಹಸುನೇ!"

ಅಷ್ಟರಲ್ಲಿ ಅತ್ತೆ ಕೈಚೀಲದಿಂದ ಒಂದು ತೆಂಗಿನಕಾಯಿ ತೆಗೆದ್ರು. "ಇದೇನ್ರೀ?"

ಮಾವನ ದನಿ ಸಣ್ಣಗಾಯ್ತು. "ಇವತ್ತಿನ ಗೋದಾನ. ಈಗ ಹಸು ಎಲ್ಲಿಂದ ತರ್ತಾರೆ? ಕಾಯಿನೇ ಹಸು ಅಂತ ಕೊಟ್ರು."

ಅತ್ತೆ ಸೆರಗಲ್ಲಿ ಬಾಯಿ ಮುಚ್ಕೊಂಡ್ರು. ನಾನು ಸ್ಕ್ರೀನ್ ನೋಡ್ತಾ ಕೂತೆ. ಆದ್ರೆ ನಮ್ಮ ಮಾವ ಸೋಲ್ತಾರಾ?

"ನನ್ನ ಹಸುವಿಂದ ಚಟ್ನಿಯಾದ್ರೂ ಆಗುತ್ತೆ. ನಿನ್ನದರಿಂದ ಏನಾಗುತ್ತೆ?"

ಮಾವನ ಹಸು ಈಗ ಈಳಿಗೆ ಮಣೆ ಪಕ್ಕದಲ್ಲಿದೆ. ನನ್ನದು ಇನ್ನೂ ಚಂದಕ್ಕೆ ನಿಂತಿದೆ.