ನೀರು ಇಂಗಲು ಒಂದಿಷ್ಟು ಮಣ್ಣು

ಘಟಪ್ರಭಾದಲ್ಲಿ ಮನೆ ಕಟ್ಟಿಸುವಾಗ ಗೋಡೆಯ ಬಣ್ಣ, ಅಡುಗೆಮನೆಯ ಕಟ್ಟೆ ಎಲ್ಲವನ್ನೂ ನಮ್ಮ ಯಜಮಾನರು ನನಗೆ ಬಿಟ್ಟುಕೊಟ್ಟರು. ನೀರಿನ ವಿಷಯದಲ್ಲಿ ಮಾತ್ರ ನನ್ನನ್ನು ಹತ್ತಿರ ಸೇರಿಸಲಿಲ್ಲ. ಮಂದಿಯ ಮನೆಗಳಿಗೆ ನಲ್ಲಿ, ಪೈಪು ಕೂಡಿಸುವುದೇ ಅವರ ಕಸಬು. ಸ್ವಂತ ಮನೆಯಲ್ಲಿ ಒಂದು ಹನಿಯೂ ಹಾಳಾಗಬಾರದು ಎಂಬ ಹಟ ಹಿಡಿದಿದ್ದರು.

ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಿ, ಅದರ ಮೇಲೆ ಬಿದ್ದ ಮಳೆ ನೆಲದಡಿಯ ಟಾಕಿಗೆ ಹೋಗುವಂತೆ ಇಳಿಜಾರು ಕೊಟ್ಟರು. ಬಚ್ಚಲ ನೀರು, ಬಟ್ಟೆ ಒಗೆದ ನೀರು, ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ವಜೂ ನೀರು ಎಲ್ಲವೂ ಹಿತ್ತಲಿನ ಸಿಮೆಂಟಿನ ತೊಟ್ಟಿಗೆ ಬರುತ್ತಿತ್ತು. ಅಲ್ಲಿ ಉಸುಕು, ಜಲ್ಲಿಯ ನಡುವೆ ಕಾಬಾಳೆ ಗಿಡ ಹಚ್ಚಿದ್ದರು. ಬೇರುಗಳಲ್ಲಿ ಸೋಸಿದ ನೀರು ಪಾಯಖಾನೆಯ ಫ್ಲಶ್‌ಗೆ ಹೋಗುತ್ತಿತ್ತು. ಚಹಾಕ್ಕೆ ಕರೆದವರಿಗೆ ಮೊದಲು ಪಾಯಖಾನೆ ತೋರಿಸುವ ಮನೆ ಇಡೀ ಓಣಿಯಲ್ಲಿ ನಮ್ಮದೊಂದೇ ಆಗಿತ್ತು. ನಾನು ನಕ್ಕರೂ ಒಳಗೊಳಗೆ ನನಗೂ ಹೆಮ್ಮೆಯಿತ್ತು.

ನಾಗನೂರಿನಿಂದ ನಮ್ಮ ಜೊತೆಗೇ ಬಂದ ಅತ್ತೆಗೆ ಮಾತ್ರ ಇದ್ಯಾವುದೂ ಹಿಡಿಸಲಿಲ್ಲ. ವಜೂ ಮಾಡುವಾಗ ನಲ್ಲಿಯ ಕೆಳಗೆ ಬೋಗುಣಿ ಇಟ್ಟು, ಆ ನೀರನ್ನು ಹೊತ್ತು ಬಾಜೂ ಇದ್ದ ಖಾಲಿ ಜಾಗಕ್ಕೆ ಹೋಗಿ ಚೆಲ್ಲಿ ಬರುತ್ತಿದ್ದರು. ಮೊಣಕಾಲು ನೋವು ಬೇರೆ. ಊರಿಗೊಂದು ದಾರಿಯಾದರೆ ಇವರಿಗೊಂದು ದಾರಿ ಎಂದು ನನಗೆ ಸಿಟ್ಟು ಬರುತ್ತಿತ್ತು. ಆಳದಲ್ಲಿ ಅದು ಸಿಟ್ಟಲ್ಲ, ಎಲ್ಲಿ ಬಿದ್ದುಬಿಡುತ್ತಾರೋ ಎಂಬ ಭಯ.

"ಅಮ್ಮಾ, ಮಂದಿ ಜಾಗಾಕ ಯಾಕ ನೀರ ಹೊರತೀರಿ? ನಮ್ಮ ತೊಟ್ಟಿ ಏನ್ ಕೆಟ್ಟೈತಿ?"

"ತೊಟ್ಟಿ ಚಲೋ ಐತಿ ಬೇಟಿ. ನನಗ ಮಣ್ಣ ಬೇಕು," ಎನ್ನುತ್ತಿದ್ದರು. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ನಾನು ಪಾಠ ಹೇಳುವ ಸಾಲಿಯಿಂದ ಬರುವಷ್ಟರಲ್ಲಿ ಆ ಖಾಲಿ ಜಾಗದಲ್ಲಿ ಮನೆಯ ಪಾಯ ತೋಡಲು ಶುರು ಮಾಡಿದ್ದರು. ಅತ್ತೆ ಬೋಗುಣಿ ಹಿಡಿದು ಕಂಪೌಂಡಿನ ಹತ್ತಿರ ನಿಂತಿದ್ದರು. ನನ್ನನ್ನು ನೋಡಿ ಒಳಗೆ ಬಂದು ಹಾಸಿಗೆಯ ಮೇಲೆ ಕೂತರು. ತಾಟಿಗೆ ರೊಟ್ಟಿ ಹಾಕಿಕೊಟ್ಟರೆ ಮುಟ್ಟಲಿಲ್ಲ. ಯಜಮಾನರು ಬಂದು ಬಾಜೂ ಕೂತು ಮತ್ತೆ ಮತ್ತೆ ಕೇಳಿದ ಮೇಲೆ ಬಾಯಿ ಬಿಟ್ಟರು.

"ಆ ಜಾಗಾನೂ ಹೋತು. ಇನ್ನ ನನ್ನ ನೀರ ಎಲ್ಲಿ ಇಂಗಬೇಕು?"

"ಯಾವ ನೀರ ಅಮ್ಮಾ?"

"ಕಡೀ ನೀರ."

ನಮ್ಮ ಕಡೆ ಸತ್ತವರಿಗೆ ಸ್ನಾನ ಮಾಡಿಸಿದ ನೀರನ್ನು ಗಟಾರಕ್ಕೆ ಬಿಡುವುದಿಲ್ಲ. ಅಂಗಳದಲ್ಲಿ ಗುಂಡಿ ತೋಡಿ, ಅದರ ಮೇಲೆ ಹಲಗೆ ಇಟ್ಟು ಸ್ನಾನ ಮಾಡಿಸಿ, ನೀರು ಇಂಗಿದ ಮೇಲೆ ಮಣ್ಣು ಮುಚ್ಚುತ್ತಾರೆ. ನಾಗನೂರಿನಲ್ಲಿ ಎಷ್ಟೋ ಹೆಂಗಸರಿಗೆ ಆ ಸ್ನಾನ ಮಾಡಿಸಿದ್ದವರು ನನ್ನ ಅತ್ತೆಯೇ. ಹೊಸ ಮನೆಗೆ ಕಾಲಿಟ್ಟ ದಿನದಿಂದ ಅವರು ಹುಡುಕುತ್ತಿದ್ದುದು ಆ ಗುಂಡಿಯಷ್ಟು ಬರಿ ನೆಲವನ್ನು.

ಯಜಮಾನರು ಕಸಬಿನ ಮನುಷ್ಯ. ಗಾಬರಿಯಾದರೂ ಬಾಯಿಗೆ ಬರುವುದು ಪೈಪಿನ ಮಾತೇ. "ಅದಕ್ಯಾಕ ಚಿಂತಿ ಅಮ್ಮಾ, ಆ ತೊಟ್ಟಿ ಎಂಥಾ ನೀರಿದ್ರೂ ಸ್ವಚ್ಛ ಮಾಡತೈತಿ," ಎಂದರು.

ಅತ್ತೆ ಮಗನ ಮುಖವನ್ನೇ ನೋಡಿದರು. "ಆಮ್ಯಾಲ ಅದು ಎಲ್ಲಿಗಿ ಹೊಕ್ಕೈತಿ, ಬೇಟಾ?"

ಯಜಮಾನರು ಎದ್ದು ಹಾರೆ ತಂದು, ಬಚ್ಚಲ ಹಿಂದಿನ ಗೋಡೆಯ ಬಾಜೂ ಫರಸಿ ಕೀಳತೊಡಗಿದರು. ತಾವೇ ಮಟ್ಟ ಹಿಡಿದು ಕೂಡಿಸಿದ ಕಲ್ಲುಗಳು. ಅವರು ಅಳುತ್ತಿದ್ದರು, ನನಗೂ ತಡೆಯಲಾಗಲಿಲ್ಲ. ಅತ್ತೆ ಒಬ್ಬರೇ ಆರಾಮಾಗಿದ್ದರು. "ಬಿಸಲಾಗ ಬರೇ ತಲೀಲೆ ಕುಂತಾನ ನೋಡು, ಟೊಪ್ಪಿಗಿ ಕೊಡು ಅವಂಗ," ಎಂದು ನನಗೇ ಗದರಿದರು. ಆಮೇಲೆ ಹಲಗೆ ಹೀಗೆ ಬರುತ್ತದೆ, ಪರದೆ ಇಲ್ಲಿಂದ ಇಲ್ಲಿಗೆ ಕಟ್ಟಬೇಕು, ಎರಡೂ ಬಾಜೂ ಹೆಂಗಸರು ನಿಲ್ಲಲು ಜಾಗ ಬಿಡು ಎಂದು, ಮದುವೆ ಹಂದರ ಹಾಕಿಸುವವರ ಉಮೇದಿನಲ್ಲಿ ಹೇಳುತ್ತಾ ಹೋದರು. ಅಂದು ರಾತ್ರಿ ಎರಡು ರೊಟ್ಟಿ ತಿಂದರು.

ಈಗ ಅಲ್ಲಿ ಮೆಂತ್ಯ ಬೆಳೆಯುತ್ತದೆ. ಜಾಗ ಖಾಲಿ ಯಾಕೆ ಬಿಡಬೇಕು, ನನಗೇನು ಅವಸರವಿಲ್ಲ ಎಂದು ಬೀಜ ಹಾಕಿದವರು ಅತ್ತೆಯೇ. ವಜೂ ಕೂಡ ಅದರ ಅಂಚಿನಲ್ಲೇ, ಮಣೆ ಹಾಕಿಕೊಂಡು.

ಮೊನ್ನೆ ಚಳಿಯ ಒಂದು ಮುಂಜಾನೆ ನನ್ನನ್ನು ಅಲ್ಲಿಗೆ ಕರೆದರು. "ಕಡೀ ನೀರ ನೀನ ಹಾಕಬೇಕು. ಬರತೈತೇನ?"

"ಬರೂದಿಲ್ಲ ಅಮ್ಮಾ. ಇಂಥಾ ಮಾತ ಬ್ಯಾಡ್ರಿ."

"ಆವಾಗ ಹೇಳಾಕ ನಾ ಇರತೇನೇನ? ತಂಬಿಗಿ ಹಿಡಿ."

ಕುಪ್ಪಸದ ತೋಳು ಮೇಲೇರಿಸಿ ಬಲಗೈ ಮುಂದೆ ಚಾಚಿದರು. ಮೊದಲು ಬಲ ಬಾಜೂ, ಮೇಲಿಂದ ಸುರಿಯಬಾರದು, ಹತ್ತಿರದಿಂದ ಮೆಲ್ಲಗೆ ಬಿಡಬೇಕು ಎಂದರು. ಹೇಳಿದಂತೆ ನೀರು ಬಿಟ್ಟೆ.

"ಥಂಡಿ ಆತು," ಎಂದರು.

ಒಳಗೆ ಹೋಗಿ ಬಿಸಿನೀರು ತಂದು ಬೆರೆಸಿದೆ. ಮಕ್ಕಳಿಗೆ ಎರೆಯುವಾಗ ನೋಡುವಂತೆ ನನ್ನ ಮುಂಗೈ ಮೇಲೆ ಹಾಕಿಕೊಂಡು ನೋಡಿ, ಮತ್ತೆ ಅವರ ತೋಳಿನ ಮೇಲೆ ಬಿಟ್ಟೆ. ನೀರು ಮೊಣಕೈಯಿಂದ ಇಳಿದು ಮಣ್ಣು ಸೇರಿತು. ಅತ್ತೆ ಕಣ್ಣು ಮುಚ್ಚಿದರು.

"ಹೂಂ, ಇಷ್ಟ ಬಿಸಿ," ಎಂದರು. "ನೆನಪಿಟ್ಕೋ."