ಹಿಂದಿನ ಎಡಗಡೆ ಗಾಲಿ

ನಿಪ್ಪಾಣಿಯ ಹೆದ್ದಾರಿ ಪಕ್ಕದ ನನ್ನ ಗ್ಯಾರೇಜಿಗೆ ಆ ಹಳೆಯ ಪಿಕಪ್ ತಿರುಗುವಾಗಲೇ ಅದರ ರೋಗ ಕಣ್ಣಿಗೆ ಬಿದ್ದಿತ್ತು. ಮೂತಿ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ. ನೆಟ್ಟಗಿನ ರಸ್ತೆಯಲ್ಲೂ ಸ್ಟೇರಿಂಗನ್ನು ಎಡಕ್ಕೆ ಹಿಡಿದೇ ಓಡಿಸಬೇಕಾಗಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳವು. ಗಾಲಿಗಳ ಅಚ್ಚು, ಅಂದರೆ ಆಕ್ಸಲ್, ನೆಟ್ಟಗಿದೆಯೇ ಎಂದು ಅಳೆಯುವ ಯಂತ್ರ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ನನ್ನ ಹತ್ತಿರ ಕಣ್ಣಿತ್ತು, ದಾರವಿತ್ತು, ಅವೆರಡಕ್ಕಿಂತ ದೊಡ್ಡದಾಗಿ ಸೊಕ್ಕಿತ್ತು.

ಗಾಡಿ ಒಬ್ಬ ತಂಬಾಕಿನ ಸಾಹುಕಾರರದು. ಓಡಿಸುತ್ತಿದ್ದವನು ಅವರ ಮನೆಯಲ್ಲಿ ದುಡಿದೇ ತಲೆ ನರೆತ ಡ್ರೈವರ್. ಅವತ್ತು ಇಬ್ಬರೂ ಕೂಡಿ ಬಂದಿದ್ದರು. ಸಾಹುಕಾರರು ಇಳಿದವರೇ, "ಎಲ್ಲೋ ಬಡದ ಮುಚ್ಚಿಟ್ಟಾನ ಇಂವಾ. ಬಡದಿದ್ದ ಖರೆ ಆದ್ರ ನಾಳಿಂದ ನನ್ನ ಗಾಡಿ ಮುಟ್ಟೂದ ಬ್ಯಾಡ. ನೀ ನೋಡಿ ಹೇಳು," ಅಂದರು.

ಡ್ರೈವರ್ ಕಿಸೆಯಿಂದ ಮಂಗಸೂಳಿ ಮಲ್ಲಯ್ಯನ ಭಂಡಾರದ ಚೀಲ ತೆಗೆದು, ಆ ಅರಿಷಿಣದ ಪುಡಿಯನ್ನು ಅಂಗೈಯಲ್ಲಿ ಹಿಡಿದು, "ಎಲ್ಲೂ ಬಡದಿಲ್ರಿ ಸಾವ್ಕಾರ್ರ. ಮಲ್ಲಯ್ಯನ ಆಣಿ," ಅಂದ. ನಮ್ಮ ಕಡೆ ಭಂಡಾರ ಎತ್ತಿದರೆ ಮಾತು ಅಲ್ಲಿಗೇ ಮುಗಿಯಬೇಕು. ಸಾಹುಕಾರರೂ ತುಸು ಮೆತ್ತಗಾದರು. "ಆತು, ಮಿಸ್ತ್ರಿ ಏನ ಅಂತಾನ ನೋಡೂಣು," ಅಂದರು.

ಗೇಟಿನ ಮುಂದೆ ನಾಲ್ಕು ಕೊಡ ನೀರು ಸುರಿದು, ಗಾಡಿಯನ್ನು ಅದರೊಳಗಿಂದ ನೆಟ್ಟಗೆ ಓಡಿಸಲು ಹೇಳಿದೆ. ಮುಂದಿನ ಒಣ ನೆಲದ ಮೇಲೆ ಎರಡು ಗೆರೆ ಮೂಡಬೇಕಾದಲ್ಲಿ ನಾಲ್ಕು ಮೂಡಿದವು. ಹಿಂದಿನ ಗಾಲಿಗಳು ಎಡಕ್ಕೆ ಸರಿದು ಓಡುತ್ತಿದ್ದವು. ಕೆಳಗೆ ತೂರಿ, ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ, ಅಂದರೆ ಪಾಟಾದ, ಮುಂದಿನ ಪಿನ್ನಿನಿಂದ ಆಕ್ಸಲ್‌ವರೆಗೆ ಎರಡೂ ಬದಿ ದಾರ ಹಿಡಿದು ನೋಡಿದೆ. ಎಡಗಡೆ ಹೆಬ್ಬೆರಳಿನಷ್ಟು ಹೆಚ್ಚಿತ್ತು. ಆಕ್ಸಲ್ ಆ ಕಡೆ ಹಿಂದಕ್ಕೆ ಜರುಗಿತ್ತು.

ಯಾಕೆಂದು ಬ್ಯಾಟರಿಯ ಬೆಳಕು ಬಿಟ್ಟಾಗ ಗೊತ್ತಾಯಿತು. ಪಾಟಾಗಳನ್ನು ಒಂದಾಗಿ ಹಿಡಿದು ಆಕ್ಸಲನ್ನು ಜಾಗದಲ್ಲಿ ನಿಲ್ಲಿಸುವ ನಡುವಿನ ಬೋಲ್ಟ್ ತುಂಡಾಗಿತ್ತು. ಅದನ್ನು ಹಾಕಿದವನು ನಾನೇ. ಹಿಂದಿನ ತಿಂಗಳು, ತಂಬಾಕಿನ ಚೀಲ ಹೆಚ್ಚು ಹೇರಬೇಕೆಂದು ಸಾಹುಕಾರರು ಎರಡೂ ಬದಿ ಒಂದೊಂದು ಪಾಟಾ ಕೂಡಿಸಿಕೊಂಡಿದ್ದರು. ಆ ಭಾರ ತಡೆಯುವ ಗಟ್ಟಿ ಬೋಲ್ಟಿಗೆ ಕೊಲ್ಹಾಪುರಕ್ಕೆ ಹೋಗಬೇಕಿತ್ತು. ನಾನು ಬೇಸರಪಟ್ಟು ಕೈಗೆ ಸಿಕ್ಕ ಸಾದಾ ಬೋಲ್ಟ್ ಬಿಗಿದು ಕಳಿಸಿದ್ದೆ.

ಹೊರಗೆ ಬಂದು ಕೈ ಒರೆಸಿಕೊಂಡೆ. ಆ ಸಾಹುಕಾರರ ಒಂದು ಮಾತಿಗೆ ಊರಿನ ಅರ್ಧ ಗಾಡಿಗಳು ನನ್ನ ಬಾಗಿಲಿಗೆ ಬರುತ್ತಿದ್ದವು. ಇನ್ನೊಂದು ಮಾತಿಗೆ ನಿಲ್ಲುತ್ತಿದ್ದವು. "ಹಿಂದಿನ ಗಾಲಿ ಮೋರಿಗೆ ಬಡದೈತ್ರಿ. ದಾರದಾಗ ಕಾಣತೈತಿ," ಅಂದೆ.

ಸಾಹುಕಾರರು ಕೈ ಚಾಚಿದರು. ಡ್ರೈವರ್ ಕೀಲಿ ಕೊಟ್ಟ. ಅವನ ಅಂಗೈಯ ಅರಿಷಿಣ ಕೀಲಿಗೂ ಹತ್ತಿತ್ತು, ಅವರು ಅದನ್ನು ಧೋತರಕ್ಕೆ ಒರೆಸಿದರು. ನನಗೆ ನಾಚಿಕೆಯೇನೂ ಆಗಲಿಲ್ಲ. ಪಾರಾದೆ ಎಂದು ಒಳಗೊಳಗೇ ಖುಷಿಯಾಯಿತು. ಅವನು ನನ್ನ ಮೇಲೆ ಹರಿಹಾಯುತ್ತಾನೆ, ಎದುರು ಬಯ್ಯಬಹುದು ಎಂದು ಕಾದಿದ್ದೆ. ಆದರೆ ಆ ಮನುಷ್ಯ ನನ್ನನ್ನು ನಂಬಿಬಿಟ್ಟಿದ್ದ.

ಮೂರನೆಯ ದಿನ ಮುಂಜಾನೆ ಬರಿಗಾಲಲ್ಲಿ ಬಂದ.

"ಮಿಸ್ತ್ರಿ, ನನಗ ತಿಳೀದಂಗ ಎಲ್ಲೋ ಬಡದಿರಬೇಕ ನೋಡು. ಸುಳ್ಳ ಭಂಡಾರ ಎತ್ತಿದಂಗ ಆತು. ತಪ್ಪಾತು ಅಂತ ಕಾಲಿಗೆ ಬೀಳಾಕ ಮಂಗಸೂಳಿಗೆ ನಡಕೋತ ಹೊಂಟೀನಿ. ದೇವರ ಮುಂದ ಸರಿಯಾಗಿ ಹೇಳಬೇಕಲ್ಲ. ಯಾವ ಕಡೀ ಗಾಲಿ ಬಡದಿತ್ತು?"

ಅಷ್ಟೊತ್ತಿಗೆ ಗಟ್ಟಿ ಬೋಲ್ಟ್ ತರಿಸಿ ಹಾಕಿ ಗಾಡಿ ಕಳಿಸಿಯಾಗಿತ್ತು. ತುಂಡಾದದ್ದು ನನ್ನ ಕಾಲ ಹತ್ತಿರದ ಡಬ್ಬಿಯಲ್ಲೇ ಬಿದ್ದಿತ್ತು. ತೆಗೆದು ಅವನ ಕೈಗೆ ಕೊಟ್ಟಿದ್ದರೆ ಸಾಕಿತ್ತು.

"ಎಡಗಡೇದು, ಕಾಕಾ," ಅಂದೆ.

ಮರೆಯಬಾರದೆಂದು ಅವನು ಅದನ್ನು ಎರಡು ಸಲ ತನ್ನಷ್ಟಕ್ಕೇ ಹೇಳಿಕೊಂಡ. ಆಮೇಲೆ ನನಗೆ ಕೈ ಮುಗಿದು ನಡೆದ.